ಹ್ಯೂಮಿಡಾರ್ ತಂದಾಯ್ತು, ಮುಂದೇನು? ಸಿಗಾರ್ ಕೆಡದಂತೆ ಇಡುವ ಬಗೆ

ಹೊಸ ಹ್ಯೂಮಿಡಾರ್, ಅಂದರೆ ಸಿಗಾರ್‌ನ ತೇವ ಕಾಪಾಡುವ ಪೆಟ್ಟಿಗೆ, ಮನೆಗೆ ಬಂದ ದಿನ ಎಲ್ಲರಿಗೂ ಒಂದೇ ಅವಸರ. ಪೆಟ್ಟಿಗೆ ಬಿಚ್ಚಬೇಕು, ಸಿಗಾರ್‌ಗಳನ್ನು ಸಾಲಾಗಿ ಜೋಡಿಸಬೇಕು, ಮುಚ್ಚಳ ಹಾಕಿ ನೆಮ್ಮದಿಯಾಗಬೇಕು. ದಯವಿಟ್ಟು ಹಾಗೆ ಮಾಡಬೇಡಿ. ಅಂಗಡಿಯಿಂದ ಬಂದ ಹ್ಯೂಮಿಡಾರ್‌ನ ಒಳಗಿನ ಮರ ಒಣಗಿರುತ್ತದೆ. ಅದಕ್ಕೆ ನೀರು ಬೇಕು, ಹತ್ತಿರದಲ್ಲಿ ಸಿಗುವ ನೀರೆಂದರೆ ನಿಮ್ಮ ಸಿಗಾರ್‌ನೊಳಗಿನ ತೇವ. ತೇವ ಕಾಪಾಡಬೇಕಾದ ಪೆಟ್ಟಿಗೆಯೇ ಅದನ್ನು ಹೀರಿಬಿಡುತ್ತದೆ. ಹೊಸಬರ ಸಿಗಾರ್ ಕೆಡುವುದು ಹೆಚ್ಚಾಗಿ ಈ ಮೊದಲ ವಾರದಲ್ಲೇ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಚೆನ್ನಾಗಿ ಇಟ್ಟ ಸಿಗಾರ್‌ಗೆ ರುಚಿ ಉಳಿಯುತ್ತದೆ, ಅಷ್ಟೇ. ಅದರ ಹೊಗೆಯ ಹಾನಿ ಕಡಿಮೆಯಾಗುವುದಿಲ್ಲ. ಮನೆಯಲ್ಲಿ ಮಕ್ಕಳಿದ್ದರೆ ಪೆಟ್ಟಿಗೆ ಅವರ ಕೈಗೆ ಸಿಗದ ಜಾಗದಲ್ಲಿರಲಿ.

ತೇವ ಯಾಕೆ ಬೇಕು?

ಕೈಯಲ್ಲಿ ಸುತ್ತಿದ ಸಿಗಾರ್ ಪೂರ್ತಿ ಎಲೆ. ಒಳಗೆ ಫಿಲ್ಲರ್, ಅದನ್ನು ಹಿಡಿದಿಡುವ ಬೈಂಡರ್, ಹೊರಗೆ ತೆಳ್ಳಗಿನ ರ‍್ಯಾಪರ್. ತಂಬಾಕಿನ ಎಲೆ ಸುತ್ತಲಿನ ಗಾಳಿಯಿಂದ ತೇವ ಎಳೆದುಕೊಳ್ಳುತ್ತದೆ, ಗಾಳಿ ಒಣಗಿದ್ದರೆ ವಾಪಸ್ ಬಿಟ್ಟುಕೊಡುತ್ತದೆ. ತೀರಾ ಒಣಗಿದ ಸಿಗಾರ್ ಬೇಗ ಉರಿಯುತ್ತದೆ, ಹೊಗೆ ಬಿಸಿಯಾಗಿ ಗಂಟಲಿಗೆ ಒರಟಾಗುತ್ತದೆ, ರ‍್ಯಾಪರ್ ಬಿರುಕು ಬಿಡುತ್ತದೆ. ಎಲೆಯ ಎಣ್ಣೆ ಅಂಶವೂ ನಿಧಾನಕ್ಕೆ ಆರಿಹೋಗುತ್ತದೆ. ಜಾಸ್ತಿ ತೇವವಾದರೆ ಉಬ್ಬಿಕೊಳ್ಳುತ್ತದೆ, ಎಳೆದರೆ ಹೊಗೆ ಬರುವುದಿಲ್ಲ, ಒಂದು ಕಡೆ ಉರಿದು ಇನ್ನೊಂದು ಕಡೆ ಹಾಗೇ ಉಳಿಯುತ್ತದೆ. ಅದಕ್ಕಿಂತ ಮುಂದೆ ಹೋದರೆ ಬೂಷ್ಟು.

ಗಾಳಿಯ ಆರ್ದ್ರತೆ ಶೇ 65ರಿಂದ 70, ಉಷ್ಣತೆ 18ರಿಂದ 21 ಡಿಗ್ರಿ ಸೆಲ್ಸಿಯಸ್. ಹೊಸಬರಿಗೆ ಇಷ್ಟು ಸಾಕು. ಹಳಬರಲ್ಲಿ ಶೇ 70 ಎನ್ನುವವರೂ ಇದ್ದಾರೆ, ಶೇ 65ಕ್ಕಿಂತ ಮೇಲೆ ಹೋಗಲೇಬೇಡಿ ಎನ್ನುವವರೂ ಇದ್ದಾರೆ. ಕ್ಯೂಬಾದ ಸಿಗಾರ್‌ಗಳನ್ನು ತುಸು ಕಡಿಮೆ ತೇವದಲ್ಲಿ ಇಡುವವರು ಬಹಳ. ಈ ಜಗಳಕ್ಕೆ ಈಗಲೇ ತಲೆ ಕೊಡಬೇಡಿ. ಅಂಕಿ 66 ಇದೆಯೋ 69 ಇದೆಯೋ ಎನ್ನುವುದಕ್ಕಿಂತ ಅದು ಒಂದೇ ಕಡೆ ನಿಲ್ಲುತ್ತದೆಯೋ ಇಲ್ಲವೋ ಎನ್ನುವುದು ಮುಖ್ಯ. ಇವತ್ತು 60, ನಾಳೆ 75 ಆದರೆ ಎಲೆ ಹಿಗ್ಗಿ ಕುಗ್ಗಿ ಕೊನೆಗೆ ಸೀಳುತ್ತದೆ.

ಪೆಟ್ಟಿಗೆ ಹೇಗಿರಬೇಕು?

ಒಳ್ಳೆಯ ಹ್ಯೂಮಿಡಾರ್‌ಗೆ ಒಳಗಡೆ ಸ್ಪ್ಯಾನಿಷ್ ಸೀಡರ್ ಹಲಗೆ ಹಾಕಿರುತ್ತಾರೆ. ಇದು ಮಹಾಗನಿ ಕುಟುಂಬದ ಮರ. ತೇವ ಹಿಡಿದಿಟ್ಟುಕೊಂಡು ಬೇಕಾದಾಗ ಬಿಡುತ್ತದೆ, ಬೂಷ್ಟಿಗೆ ಸುಲಭಕ್ಕೆ ಬಗ್ಗುವುದಿಲ್ಲ, ಅದರ ಹಿತವಾದ ವಾಸನೆ ತಂಬಾಕಿಗೆ ಒಗ್ಗುತ್ತದೆ. ಹೊರಗಿನ ಪಾಲಿಶ್, ಹಿತ್ತಾಳೆ ಬೀಗ, ಗಾಜಿನ ಮುಚ್ಚಳ ಎಲ್ಲ ಕಣ್ಣಿಗೆ ಚೆಂದ. ಆದರೆ ಗಾಜಿನ ಮುಚ್ಚಳದ ಅಂಚಿನಲ್ಲಿ ಗಾಳಿ ಸೋರುವ ಸಾಧ್ಯತೆ ಜಾಸ್ತಿ. ನನ್ನನ್ನು ಕೇಳಿದರೆ, ಮೊದಲ ಪೆಟ್ಟಿಗೆಗೆ ಗಾಜು ಬೇಡ.

ಸೋರಿಕೆ ನೋಡುವುದು ಸುಲಭ. ಮೊಬೈಲ್ ಟಾರ್ಚ್ ಹಚ್ಚಿ ಪೆಟ್ಟಿಗೆಯೊಳಗಿಟ್ಟು ಮುಚ್ಚಿ, ಕೋಣೆಯ ದೀಪ ಆರಿಸಿ. ಮುಚ್ಚಳದ ಸುತ್ತ ಬೆಳಕಿನ ಗೆರೆ ಕಂಡರೆ ಅಲ್ಲಿಂದ ತೇವವೂ ಹೋಗುತ್ತದೆ. ಇನ್ನೊಂದು ಉಪಾಯ: ಮುಚ್ಚಳದ ಕೆಳಗೆ ಕಾಗದದ ಚೂರು ಸಿಕ್ಕಿಸಿ ಮುಚ್ಚಿ, ಎಳೆದು ನೋಡಿ. ಸುಮ್ನೆ ಜಾರಿ ಬಂದರೆ ಆ ಜಾಗ ಬಿಗಿಯಾಗಿಲ್ಲ.

ಗಾತ್ರ ಆರಿಸುವಾಗ ಡಬ್ಬದ ಮೇಲೆ ಬರೆದ ಲೆಕ್ಕ ನಂಬಬೇಡಿ. 50 ಸಿಗಾರ್ ಹಿಡಿಯುತ್ತದೆ ಎಂದಿದ್ದರೆ ಅದರ ಮುಕ್ಕಾಲು ಪಾಲು ಮಾತ್ರ ಇಡಿ. ಒತ್ತೊತ್ತಾಗಿ ತುಂಬಿದರೆ ನಡುವೆ ಗಾಳಿ ಓಡಾಡುವುದಿಲ್ಲ. ಹಾಗಂತ ದೊಡ್ಡ ಪೆಟ್ಟಿಗೆಯಲ್ಲಿ ನಾಲ್ಕೇ ಸಿಗಾರ್ ಇಟ್ಟರೂ ತೇವ ಸ್ಥಿರವಾಗಿ ನಿಲ್ಲುವುದು ಕಷ್ಟ.

ನಿಮ್ಮ ಹತ್ತಿರ ಇರುವುದು ಹತ್ತು ಹದಿನೈದು ಸಿಗಾರ್ ಅಷ್ಟೇನಾ? ಹಾಗಾದರೆ ಮರದ ಪೆಟ್ಟಿಗೆಯೇ ಬೇಡ. ಗಾಳಿಯಾಡದ ಒಳ್ಳೆಯ ಪ್ಲಾಸ್ಟಿಕ್ ಡಬ್ಬ, ತೇವ ಕಾಯುವ ಒಂದು ಪ್ಯಾಕೆಟ್, ತೇವ ಅಳೆಯುವ ಒಂದು ಮೀಟರ್ ಸಾಕು. ಡಬ್ಬಕ್ಕೆ ಬೇರೆ ಯಾವ ವಾಸನೆಯೂ ಇರಬಾರದು. ನೋಡಲು ಗತ್ತಿಲ್ಲ, ನಿಜ. ಆದರೆ ಅಗ್ಗದ ಮರದ ಹ್ಯೂಮಿಡಾರ್‌ಗಿಂತ ಇದು ಎಷ್ಟೋ ಸಲ ಚೆನ್ನಾಗಿ ಕೆಲಸ ಮಾಡುತ್ತದೆ, ಮರ ಹದ ಮಾಡುವ ಗೋಜೂ ಇಲ್ಲ.

ಮೊದಲ ಹೆಜ್ಜೆ: ಮೀಟರ್ ಸತ್ಯ ಹೇಳುತ್ತಿದೆಯಾ?

ಆರ್ದ್ರತೆ ಅಳೆಯುವ ಉಪಕರಣಕ್ಕೆ ಹೈಗ್ರೋಮೀಟರ್ ಎನ್ನುತ್ತಾರೆ. ಪೆಟ್ಟಿಗೆಯ ಜೊತೆ ಬರುವ ಮುಳ್ಳಿನ ಗುಂಡು ಮೀಟರ್ ಹೆಚ್ಚಾಗಿ ಅಲಂಕಾರಕ್ಕೆ ಮಾತ್ರ. ಒಂದು ಡಿಜಿಟಲ್ ಮೀಟರ್ ತೆಗೆದುಕೊಳ್ಳಿ. ಅದನ್ನೂ ಪರೀಕ್ಷೆ ಮಾಡದೆ ನಂಬಬೇಡಿ.

ಪರೀಕ್ಷೆಗೆ ಅಡುಗೆ ಉಪ್ಪು ಸಾಕು. ಬಾಟಲಿಯ ಮುಚ್ಚಳವೊಂದಕ್ಕೆ ಉಪ್ಪು ತುಂಬಿ. ಅದಕ್ಕೆ ಕೆಲವು ಹನಿ ಡಿಸ್ಟಿಲ್ಡ್ ವಾಟರ್ ಹಾಕಿ. ಉಪ್ಪು ಕರಗಿ ನೀರಾಗಬಾರದು, ಒದ್ದೆ ಮರಳಿನ ಹಾಗೆ ಇರಬೇಕು. ಈ ಮುಚ್ಚಳವನ್ನೂ ಮೀಟರನ್ನೂ ಒಂದು ಜಿಪ್ ಬ್ಯಾಗಿನೊಳಗೆ, ಒಂದಕ್ಕೊಂದು ತಾಗದಂತೆ ಇಟ್ಟು ಬಿಗಿಯಾಗಿ ಮುಚ್ಚಿ. ಒಂದು ದಿನ ಅಲ್ಲಾಡಿಸದೆ ಬಿಡಿ. ಒದ್ದೆ ಉಪ್ಪು ತನ್ನ ಸುತ್ತಲಿನ ಮುಚ್ಚಿದ ಗಾಳಿಯನ್ನು ಶೇ 75ರ ಆರ್ದ್ರತೆಯಲ್ಲಿ ನಿಲ್ಲಿಸುತ್ತದೆ. ಕೋಣೆಯ ಉಷ್ಣತೆ ಸ್ವಲ್ಪ ಆಚೀಚೆಯಾದರೂ ಈ ಅಂಕಿ ಹೆಚ್ಚು ಬದಲಾಗದು. ಮರುದಿನ ಬ್ಯಾಗ್ ತೆರೆಯದೆ ಹೊರಗಿಂದಲೇ ಓದಿ. ಮೀಟರ್ 72 ತೋರಿಸಿದರೆ ಅದು 3 ಕಡಿಮೆ ಹೇಳುತ್ತಿದೆ ಎಂದರ್ಥ. ಮೀಟರ್ ಹಿಂದೆ ಚೀಟಿ ಅಂಟಿಸಿ ಬರೆದಿಡಿ, ಮುಂದೆ ಓದುವಾಗ 3 ಸೇರಿಸಿಕೊಳ್ಳಿ. ವರ್ಷಕ್ಕೊಂದೆರಡು ಸಲ ಈ ಪರೀಕ್ಷೆ ಮತ್ತೆ ಮಾಡಿ.

ಎರಡನೇ ಹೆಜ್ಜೆ: ಮರವನ್ನು ಹದ ಮಾಡುವುದು

ತಾಳ್ಮೆ ಬೇಕಾಗುವುದು ಇಲ್ಲಿ. ಇದಕ್ಕೆ ಸೀಸನಿಂಗ್ ಎನ್ನುತ್ತಾರೆ. ಒದ್ದೆ ಬಟ್ಟೆಯಿಂದ ಒಳಗಿನ ಮರ ಒರೆಸಿಬಿಡಿ ಎಂಬ ಹಳೆಯ ಸಲಹೆ ಈಗಲೂ ಕೇಳಿಬರುತ್ತದೆ. ನಾನಂತೂ ಅದನ್ನು ಹೇಳುವುದಿಲ್ಲ. ಒಮ್ಮೆಲೇ ನೀರು ಕುಡಿದ ತೆಳು ಹಲಗೆ ಬಾಗಬಹುದು, ಎಳೆ ಎದ್ದು ಒರಟಾಗಬಹುದು. ಒಮ್ಮೆ ಬಾಗಿದರೆ ಮುಚ್ಚಳ ಸರಿಯಾಗಿ ಕೂರುವುದಿಲ್ಲ.

ಸುರಕ್ಷಿತ ದಾರಿ ಎರಡಿವೆ. ಒಂದು, ಬೊವೆಡಾದಂಥ ಕಂಪನಿಗಳು ಇದಕ್ಕೆಂದೇ ಮಾಡುವ, ಆರ್ದ್ರತೆಯನ್ನು ಶೇ 84ರಲ್ಲಿ ಇಡುವ ತೇವದ ಪ್ಯಾಕೆಟ್. ಖಾಲಿ ಪೆಟ್ಟಿಗೆಯೊಳಗೆ ಇಟ್ಟು ಮುಚ್ಚಿ, 14 ದಿನ ತೆರೆಯಬೇಡಿ. ಇನ್ನೊಂದು, ಚಿಕ್ಕ ಬಟ್ಟಲಿನಲ್ಲಿ ಡಿಸ್ಟಿಲ್ಡ್ ವಾಟರ್. ಬಟ್ಟಲ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಕಿ, ಮರಕ್ಕೆ ನೀರು ನೇರವಾಗಿ ತಾಗಬಾರದು. ಒಂದೆರಡು ವಾರ ಬಿಡಿ, ನೀರು ಕಡಿಮೆಯಾದರೆ ತುಂಬಿಸಿ. ನಲ್ಲಿ ನೀರು ಬೇಡ. ಅದರ ಲವಣಗಳು ತೇವದ ಸಾಧನದಲ್ಲಿ ಕಟ್ಟಿಕೊಳ್ಳುತ್ತವೆ, ಬೂಷ್ಟಿಗೂ ದಾರಿಯಾಗುತ್ತದೆ.

ಆಮೇಲೆ ಪ್ಯಾಕೆಟ್ ಅಥವಾ ಬಟ್ಟಲು ತೆಗೆದು, ನೀವು ದಿನವೂ ಬಳಸಲಿರುವ ತೇವದ ಸಾಧನ ಇಡಿ. ಇನ್ನೂ ಒಂದೆರಡು ದಿನ ಖಾಲಿ ಪೆಟ್ಟಿಗೆಯನ್ನೇ ಗಮನಿಸಿ. ಅಂಕಿ ಬೇಕಾದ ಕಡೆ ನಿಂತರೆ ಮರ ಸಿದ್ಧ. ಇಳಿಯುತ್ತಲೇ ಇದ್ದರೆ ಮರ ಇನ್ನೂ ಒಣಗಿದೆ, ಇಲ್ಲವೇ ಎಲ್ಲೋ ಸೋರುತ್ತಿದೆ.

ಮೂರನೇ ಹೆಜ್ಜೆ: ಯಾವ ತೇವದ ಸಾಧನ?

ಪೆಟ್ಟಿಗೆಯ ಜೊತೆ ಹೆಚ್ಚಾಗಿ ಸ್ಪಂಜು ತುಂಬಿದ ಚಿಕ್ಕ ಡಬ್ಬಿ ಬರುತ್ತದೆ. ಅದಕ್ಕೆ ಪ್ರೊಪಿಲೀನ್ ಗ್ಲೈಕಾಲ್ ಮತ್ತು ಡಿಸ್ಟಿಲ್ಡ್ ವಾಟರ್ ಸಮಸಮ ಬೆರೆಸಿದ ದ್ರಾವಣ ಹಾಕುತ್ತಾರೆ. ಗ್ಲೈಕಾಲ್ ತೇವವನ್ನು ಶೇ 70ರ ಆಸುಪಾಸಿನಲ್ಲಿ ಹಿಡಿದು, ಬೂಷ್ಟನ್ನೂ ತಡೆಯುತ್ತದೆ. ನಡೆಯುತ್ತದೆ, ಆದರೆ ನಿಗಾ ಬೇಕು. ಜೆಲ್ ಹರಳು, ಸಿಲಿಕಾ ಮಣಿಗಳೂ ಇವೆ.

ಹೊಸಬರಿಗೆ ನನ್ನ ಆಯ್ಕೆ ಎರಡೂ ಕಡೆ ಕೆಲಸ ಮಾಡುವ ಪ್ಯಾಕೆಟ್. ತೇವ ಕಡಿಮೆಯಾದರೆ ಬಿಡುತ್ತದೆ, ಜಾಸ್ತಿಯಾದರೆ ಹೀರಿಕೊಳ್ಳುತ್ತದೆ. ಒಳಗಿರುವುದು ಉಪ್ಪು ಮತ್ತು ನೀರಿನ ದ್ರಾವಣವೇ; ಮೀಟರ್ ಪರೀಕ್ಷೆಯ ತತ್ವವೇ ಇಲ್ಲೂ ಕೆಲಸ ಮಾಡುತ್ತದೆ. 62, 65, 69, 72 ಎಂದು ಅಂಕಿ ಬರೆದ ಪ್ಯಾಕೆಟ್‌ಗಳು ಸಿಗುತ್ತವೆ. ಮರದ ಪೆಟ್ಟಿಗೆಗೆ 69, ಸೋರದ ಪ್ಲಾಸ್ಟಿಕ್ ಡಬ್ಬಕ್ಕೆ 65 ಹಾಕಿ ಶುರುಮಾಡಿ. ಪೆಟ್ಟಿಗೆ 25 ಸಿಗಾರ್ ಹಿಡಿಯುವಂತಿದ್ದರೆ 60 ಗ್ರಾಂನ ಒಂದು ಪ್ಯಾಕೆಟ್, 50 ಹಿಡಿಯುವಂತಿದ್ದರೆ ಎರಡು. ಬೇರೆ ಬೇರೆ ಅಂಕಿಯ ಪ್ಯಾಕೆಟ್‌ಗಳನ್ನು ಒಂದೇ ಪೆಟ್ಟಿಗೆಯಲ್ಲಿ ಇಡಬೇಡಿ, ಸ್ಪಂಜಿನ ಜೊತೆಗೂ ಬೇಡ. ಒಂದು ಬಿಟ್ಟ ತೇವವನ್ನು ಇನ್ನೊಂದು ಹೀರುತ್ತಾ ಎರಡೂ ಬೇಗ ಮುಗಿಯುತ್ತವೆ. ಪ್ಯಾಕೆಟ್ ಮುಟ್ಟಿದರೆ ಗಟ್ಟಿ ಹರಳಿನಂತೆ ಅನ್ನಿಸಿದಾಗ ಬದಲಿಸಿ.

ಇಟ್ಟ ಮೇಲೆ

ಪೆಟ್ಟಿಗೆಗೆ ಬಿಸಿಲು ಬೀಳಬಾರದು. ಬಿಸಿಯಾಗುವ ಯಂತ್ರಗಳ ಮೇಲೂ ಬೇಡ. ಫ್ರಿಜ್ಜಿನಲ್ಲಿ ಇಡಬಹುದಲ್ವಾ ಎಂದು ಎಲ್ಲರೂ ಕೇಳುತ್ತಾರೆ. ಬೇಡ. ಅಲ್ಲಿನ ಗಾಳಿ ಒಣಗಿರುತ್ತದೆ, ಊಟದ ವಾಸನೆ ಎಲೆಗೆ ಹತ್ತುತ್ತದೆ.

ಸೆಲೋಫೇನ್ ಹೊದಿಕೆ ಇರಲಿ, ತೆಗೆಯಲಿ, ನಿಮ್ಮಿಷ್ಟ. ತೇವ ಅದನ್ನು ದಾಟುತ್ತದೆ. ಟ್ಯೂಬಿನಲ್ಲಿದ್ದರೆ ಮುಚ್ಚಳ ಸಡಿಲ ಮಾಡಿ. ವೆನಿಲಾ, ಕಾಫಿಯಂಥ ಪರಿಮಳ ಹಾಕಿದ ಸಿಗಾರ್‌ಗಳಿಗೆ ಮಾತ್ರ ಬೇರೆ ಡಬ್ಬ ಬೇಕೇ ಬೇಕು. ಇಲ್ಲದಿದ್ದರೆ ಉಳಿದವೆಲ್ಲ ಅದೇ ವಾಸನೆ ಹೊಡೆಯುತ್ತವೆ.

ಹೊಸದಾಗಿ ಬಂದ ಸಿಗಾರ್‌ಗೆ ಎರಡು ಮೂರು ವಾರ ವಿಶ್ರಾಂತಿ ಕೊಡಿ. ದಾರಿಯಲ್ಲಿ ಅದರ ತೇವ ಏರುಪೇರಾಗಿರುತ್ತದೆ. ತೇವದ ಸಾಧನದ ಹತ್ತಿರವಿದ್ದುದನ್ನು ದೂರಕ್ಕೆ, ಕೆಳಗಿದ್ದುದನ್ನು ಮೇಲಕ್ಕೆ ತಿಂಗಳಿಗೊಮ್ಮೆ ಬದಲಿಸಿ. ಅದು ಬಿಟ್ಟು ದಿನಾ ಮುಚ್ಚಳ ತೆರೆದು ಮೀಟರ್ ನೋಡುವ ಚಟ ಬೇಡ. ತೆರೆದ ಪ್ರತಿ ಸಲವೂ ಅಂಕಿ ಬೀಳುತ್ತದೆ, ನೀವು ಗಾಬರಿಯಾಗುತ್ತೀರಿ. ಎಲೆ ಅಷ್ಟು ಬೇಗ ಬದಲಾಗುವುದಿಲ್ಲ. ಬೆರಳಲ್ಲಿ ಮೆತ್ತಗೆ ಒತ್ತಿದಾಗ ಸ್ವಲ್ಪ ತಗ್ಗಿ ಮತ್ತೆ ಎದ್ದರೆ ಸಿಗಾರ್ ಸರಿಯಾಗಿದೆ.

ಹುಳ, ಬೂಷ್ಟು, ಒಣಗುವುದು

ಸಿಗಾರ್ ಮೇಲೆ ಸೂಜಿ ಚುಚ್ಚಿದಂಥ ತೂತು, ಪಕ್ಕದಲ್ಲಿ ಪುಡಿ ಕಂಡರೆ ಅದು ತಂಬಾಕು ದುಂಬಿಯ ಕೆಲಸ. ಎಲೆಯಲ್ಲೇ ಇರುವ ಮೊಟ್ಟೆ ಸೆಕೆ ಹೆಚ್ಚಾದಾಗ ಒಡೆಯುತ್ತದೆ. ಉಷ್ಣತೆ 24 ಡಿಗ್ರಿ ದಾಟದಂತೆ ನೋಡಿಕೊಳ್ಳುವುದು ಅದಕ್ಕೇ. ಹುಳ ಸಿಕ್ಕರೆ ತೂತು ಬಿದ್ದವನ್ನು ಎಸೆಯಿರಿ. ಉಳಿದವನ್ನು ಎರಡು ಪದರ ಜಿಪ್ ಬ್ಯಾಗಿಗೆ ಹಾಕಿ ಗಾಳಿ ತೆಗೆದು ಮುಚ್ಚಿ. ಒಂದು ದಿನ ಫ್ರಿಜ್, ಮೂರು ದಿನ ಫ್ರೀಜರ್, ಮತ್ತೆ ಒಂದು ದಿನ ಫ್ರಿಜ್, ಆಮೇಲೆ ಕೋಣೆಯ ಗಾಳಿಗೆ. ಫ್ರೀಜರ್ ಮೈನಸ್ 18 ಡಿಗ್ರಿ ಅಥವಾ ಅದಕ್ಕಿಂತ ತಣ್ಣಗಿರಬೇಕು. ಮೆಟ್ಟಿಲು ಮೆಟ್ಟಿಲಾಗಿ ತಣಿಸದಿದ್ದರೆ ರ‍್ಯಾಪರ್ ಬಿರಿಯುತ್ತದೆ. ಪೂರ್ತಿ ಬೆಚ್ಚಗಾಗುವ ತನಕ ಬ್ಯಾಗ್ ತೆರೆಯಬೇಡಿ, ಎಲೆಯ ಮೇಲೆ ನೀರಾಡುತ್ತದೆ. ಈ ನಡುವೆ ಪೆಟ್ಟಿಗೆಯನ್ನು ಪೂರ್ತಿ ಖಾಲಿ ಮಾಡಿ ಮೂಲೆ ಮೂಲೆ ಶುಚಿ ಮಾಡಿ.

ಬೂಷ್ಟು ರೋಮದಂತೆ ಬೆಳೆಯುತ್ತದೆ. ಬಿಳಿ, ನೀಲಿ, ಹಸಿರು ಯಾವ ಬಣ್ಣವೂ ಇರಬಹುದು. ರ‍್ಯಾಪರ್ ಮೇಲೆ ಒಂದು ಚುಕ್ಕೆ ಇದ್ದರೆ ಒರೆಸಿ ಬೇರೆ ಇಡುವವರಿದ್ದಾರೆ. ಹೊತ್ತಿಸುವ ತುದಿಯೊಳಗೆ ಕಂಡರೆ ಯೋಚಿಸದೆ ಎಸೆಯಿರಿ. ಪೆಟ್ಟಿಗೆಯ ಒಳಭಾಗವನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ವಾಸನೆ ಪೂರ್ತಿ ಹೋಗುವ ತನಕ ತೆರೆದಿಟ್ಟು, ಮರವನ್ನು ಮತ್ತೆ ಮೊದಲಿನಿಂದ ಹದ ಮಾಡಿ.

ಒಣಗಿದ ಸಿಗಾರ್ ಸಿಕ್ಕಿದೆಯಾ? ನೇರವಾಗಿ ಶೇ 70ಕ್ಕೆ ಹಾಕಬೇಡಿ. ರ‍್ಯಾಪರ್‌ಗಿಂತ ಮೊದಲು ಒಳಗಿನ ಎಲೆ ಉಬ್ಬಿದರೆ ಹೊರಗಿನದು ಸೀಳುತ್ತದೆ. ಡಬ್ಬದಲ್ಲಿ 62ರ ಪ್ಯಾಕೆಟ್ ಜೊತೆ ಕೆಲವು ವಾರ, ಆಮೇಲೆ 65, ಆಮೇಲೆ ಬೇಕಿದ್ದರೆ 69. ತೇವ ಹೀಗೆ ವಾಪಸ್ ಬರುತ್ತದೆ, ಆರಿಹೋದ ಎಣ್ಣೆ ಬರುವುದಿಲ್ಲ. ಮುಟ್ಟಿದರೆ ಸಿಪ್ಪೆ ಉದುರುವಷ್ಟು ಒಣಗಿದ್ದರೆ ಆ ಸಿಗಾರ್‌ಗಾಗಿ ಪ್ಯಾಕೆಟ್ ಖರ್ಚು ಮಾಡಬೇಡಿ.