ನೆಲಕ್ಕೆ ಬೀಳದ ಸೋರಿಕೆ

ನನ್ನ ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರಿಗೆ ಇಪ್ಪತ್ತು ವರ್ಷ ದಾಟಿದೆ. ಹಾಸನದಿಂದ ಉಜಿರೆಗೆ ಇಳಿಯುವಾಗ ಯಾವ ತಕರಾರೂ ಇಲ್ಲದ ಅದು, ಹಿಂದಿರುಗುವಾಗ ಚಾರ್ಮಾಡಿ ಘಾಟಿಯ ಏರು ಶುರುವಾದ ಕೂಡಲೇ ಬಿಸಿಯಾಗತೊಡಗುತ್ತಿತ್ತು. ವಾರಕ್ಕೆ ರೇಡಿಯೇಟರಿನ ನೀರೂ ಸುಮಾರು ಅರ್ಧ ಲೀಟರ್ ಇಳಿಯುತ್ತಿತ್ತು. ಆದರೆ ನಿಲ್ಲಿಸಿದ ಜಾಗದಲ್ಲಿ ಒಂದು ಹನಿಯ ಗುರುತೂ ಇರುತ್ತಿರಲಿಲ್ಲ. ಇಳಿದಷ್ಟನ್ನು ಮನೆಯ ಬೋರ್‌ವೆಲ್ ನೀರಿನಿಂದ ತುಂಬಿಸುತ್ತ ನಾನು ಎರಡು ವರ್ಷ ಕಳೆದೆ.

ಒಂದು ಸಂಜೆ ಕೊಟ್ಟಿಗೆಹಾರ ತಲುಪಲು ಕೆಲವೇ ತಿರುವುಗಳಿದ್ದಾಗ, ಕೆಂಪು ಗೆರೆ ಮುಟ್ಟಿದ್ದ ಮುಳ್ಳು ಇದ್ದಕ್ಕಿದ್ದಂತೆ ಕೆಳಗಿಳಿಯಿತು. ಎಂಜಿನ್ ತಣಿಯಿತೆಂದು ಕ್ಷಣಕಾಲ ಸಮಾಧಾನಪಟ್ಟೆ. ನಿಜದಲ್ಲಿ ಆದದ್ದು ಬೇರೆ: ನೀರಿನ ಮಟ್ಟ ಇಳಿದು ಉಷ್ಣತೆಯ ಸೆನ್ಸರ್ ಬರಿಯ ಗಾಳಿಗೆ ಸಿಕ್ಕಿತ್ತು, ಆದ್ದರಿಂದ ಗೇಜ್ ಸುಳ್ಳು ಹೇಳುತ್ತಿತ್ತು. ಬಾನೆಟ್ಟಿನಿಂದ ಬಂದ, ಎಂಜಿನ್ ತಣಿಸಲು ನೀರಿಗೆ ಬೆರೆಸುವ ಕೂಲಂಟಿನ ಸಿಹಿ ವಾಸನೆ ನನ್ನನ್ನು ಎಚ್ಚರಿಸದಿದ್ದರೆ ಎಂಜಿನ್ನಿನ ಮೇಲ್ಭಾಗದ ಹೆಡ್ ಸೊಟ್ಟಗಾಗುವವರೆಗೂ ಓಡಿಸುತ್ತಿದ್ದೆನೇನೋ. ಗಾಡಿ ನಿಲ್ಲಿಸಿ, ಮುಚ್ಚಳಕ್ಕೆ ಕೈ ಹಚ್ಚದೆ ಒಂದು ಗಂಟೆ ಕಾದೆ. ಒತ್ತಡದಲ್ಲಿರುವ ಬಿಸಿ ರೇಡಿಯೇಟರಿನ ಮುಚ್ಚಳ ತೆರೆದರೆ ನೀರು ಕುದಿದು ಚಿಮ್ಮಿ ಮುಖ ಸುಡುತ್ತದೆ.

ಮನೆಗೆ ಬಂದ ಮೇಲೆ ಮೊದಲು ನೋಡಿದ್ದು, ಹೆಡ್ಡಿನ ಕೆಳಗೆ ಕೂತು ನೀರು, ಎಣ್ಣೆ, ಹೊಗೆ ಒಂದಕ್ಕೊಂದು ಬೆರೆಯದಂತೆ ತಡೆಯುವ ಹೆಡ್ ಗ್ಯಾಸ್ಕೆಟನ್ನು. ಅದು ಹೋಗಿದ್ದರೆ ಉಳಿದ ಹುಡುಕಾಟಕ್ಕೆ ಅರ್ಥವಿಲ್ಲ. ಡಿಪ್‌ಸ್ಟಿಕ್‌ನ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿರಲಿಲ್ಲ. ತಣ್ಣಗಿದ್ದಾಗ ಮುಚ್ಚಳ ತೆರೆದು ಎಂಜಿನ್ ಚಾಲೂ ಮಾಡಿದರೂ ಎಡೆಬಿಡದೆ ಗುಳ್ಳೆಗಳು ಏಳಲಿಲ್ಲ. ಹೊಗೆಯ ಅನಿಲ ತಾಗಿದರೆ ಹಳದಿಯಾಗುವ ನೀಲಿ ದ್ರವದ ಪರೀಕ್ಷೆಯಲ್ಲೂ ದ್ರವ ನೀಲಿಯಾಗಿಯೇ ಉಳಿಯಿತು.

ಮುಂದಿನ ಕೆಲಸಕ್ಕೆ ಕೈಪಂಪಿನ ಪ್ರೆಷರ್ ಟೆಸ್ಟರ್ ಒಂದನ್ನು ಎರವಲು ತಂದೆ. ಸೋರಿಕೆ ಹುಡುಕಬೇಕಾದದ್ದು ಬಿಸಿ ಎಂಜಿನ್ನಿನಲ್ಲಲ್ಲ, ತಣ್ಣನೆಯದರಲ್ಲಿ ಎಂಬುದು ನನಗೆ ತಡವಾಗಿ ಹೊಳೆಯಿತು. ಬಿಸಿ ಲೋಹದ ಮೇಲೆ ಬಿದ್ದ ಹನಿ ನೆಲ ಮುಟ್ಟುವ ಮೊದಲೇ ಆರಿಹೋಗುತ್ತದೆ. ಬೆಳಗಿನ ಚಳಿಯಲ್ಲಿ, ಮುಚ್ಚಳದ ಮೇಲೆ ಅಚ್ಚಾಗಿದ್ದ 0.9 ಬಾರ್‌ವರೆಗೆ ಮಾತ್ರ ಒತ್ತಡ ಏರಿಸಿದೆ. ಅದಕ್ಕಿಂತ ಹೆಚ್ಚಿಸಿದರೆ ಗಟ್ಟಿಯಿರುವ ಹೋಸುಗಳೂ ಬಿಟ್ಟುಕೊಳ್ಳಬಹುದು. ಹತ್ತು ನಿಮಿಷದಲ್ಲಿ ಮುಳ್ಳು 0.6ಕ್ಕೆ ಇಳಿಯಿತು. ಟಾರ್ಚು ಮತ್ತು ಸಣ್ಣ ಕನ್ನಡಿ ಹಿಡಿದು ಮಲಗಿ ನೋಡಿದಾಗ, ಟೈಮಿಂಗ್ ಬೆಲ್ಟ್ ಕವರಿನ ಕೆಳತುದಿಯಲ್ಲಿ ಹಸಿರು ಹನಿಯೊಂದು ತೂಗುತ್ತಿತ್ತು, ಅದರ ಸುತ್ತ ಒಣಗಿ ಬಿಳುಚಿದ ಪದರವಿತ್ತು. ಕವರ್ ಬಿಚ್ಚಿದರೆ ವಾಟರ್ ಪಂಪಿನ ಸಣ್ಣ ತೂತಿನಿಂದ ನೀರು ಜಿನುಗುತ್ತಿತ್ತು. ಒಳಗಿನ ಸೀಲ್ ಸವೆದಾಗ ನೀರು ಬೇರಿಂಗಿಗೆ ನುಗ್ಗದೆ ಹೊರಬರಲೆಂದೇ ಇಟ್ಟ ತೂತು ಅದು. ಅಲ್ಲಿ ಎಂ-ಸೀಲ್ ಮೆತ್ತುವವರಿದ್ದಾರೆ, ದಯವಿಟ್ಟು ಮೆತ್ತಬೇಡಿ. ಪಂಪಿನ ಜೊತೆಗೆ, ಕೂಲಂಟ್ ತಾಗಿದ್ದ ಟೈಮಿಂಗ್ ಬೆಲ್ಟನ್ನೂ ಬದಲಿಸಿದೆ.

ರೇಡಿಯೇಟರ್ ಮುಚ್ಚಳವನ್ನು ಅದೇ ಪಂಪಿಗೆ ಸಿಕ್ಕಿಸಿ ನೋಡಿದರೆ 0.4 ಬಾರ್‌ಗೇ ಗಾಳಿ ಬಿಡುತ್ತಿತ್ತು. ಒತ್ತಡ ಹೆಚ್ಚಿದಷ್ಟೂ ಕುದಿಯುವ ಬಿಂದು ಮೇಲೇರುತ್ತದೆ. ಮುಚ್ಚಳ ಬಿಗಿಯಿಲ್ಲದಿದ್ದರೆ ಏರಿನಲ್ಲಿ ನೀರು ಬೇಗ ಕುದಿದು, ರೇಡಿಯೇಟರಿನಿಂದ ಉಕ್ಕಿದ ನೀರನ್ನು ಹಿಡಿಯುವ ಬಾಟಲಿಯ ಮೂಲಕ ಆವಿಯಾಗಿ ಹೋಗುತ್ತದೆ. ಎರಡು ವರ್ಷದ ಕಾಟದಲ್ಲಿ ಇಷ್ಟು ಅಗ್ಗದ ಭಾಗಕ್ಕೂ ಪಾಲಿತ್ತು.

ಸೋರಿಕೆ ನಿಂತಿತು, ಆದರೆ ಘಾಟಿಯಲ್ಲಿ ಬಿಸಿಯಾಗುವುದು ನಿಲ್ಲಲಿಲ್ಲ. ಪಟ್ಟಣದ ದಟ್ಟಣೆಯಲ್ಲಿ ಬಿಸಿಯಾಗಿ ರಸ್ತೆಯ ಓಟದಲ್ಲಿ ತಣಿಯುವುದಾದರೆ ಫ್ಯಾನನ್ನು ಶಂಕಿಸಬೇಕು, ನನ್ನದು ತದ್ವಿರುದ್ಧವಾಗಿತ್ತು. ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಕವಾಟವಾದ ಥರ್ಮೋಸ್ಟಾಟ್ ಪರೀಕ್ಷಿಸಲೆಂದು ಅದರ ಗೂಡು ಬಿಚ್ಚಿದರೆ ಒಳಗೆ ಏನೂ ಇರಲಿಲ್ಲ! ಹಿಂದೆ ಯಾರೋ ಮೆಕ್ಯಾನಿಕ್ ‘ಹೀಟ್ ಆಗಬಾರದು’ ಎಂದು ಅದನ್ನು ತೆಗೆದೇ ಬಿಟ್ಟಿದ್ದರು. ನಮ್ಮಲ್ಲಿ ಬೇರೂರಿದ ಈ ಚಿಕಿತ್ಸೆಯಿಂದ ಎಂಜಿನ್ ತನ್ನ ಉಷ್ಣತೆಗೆ ಬರಲು ತಡವಾಗಿ ಪೆಟ್ರೋಲ್ ಹೆಚ್ಚು ಉರಿಯುತ್ತದೆ, ನಿಜವಾದ ರೋಗವೂ ಮರೆಯಾಗಿರುತ್ತದೆ. ಹೊಸದನ್ನು ಹಾಕುವ ಮೊದಲು ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು ಕಾಯಿಸಿದೆ; ಮೇಲೆ ಬರೆದಿದ್ದ 82 ಡಿಗ್ರಿಯ ಹೊತ್ತಿಗೆ ಸರಿಯಾಗಿ ತೆರೆಯಿತು.

ನಿಜವಾದ ರೋಗ ರೇಡಿಯೇಟರಿನಲ್ಲಿತ್ತು. ಎಂಜಿನ್ ಬಿಸಿಯಾದ ಮೇಲೆ ನಿಲ್ಲಿಸಿ, ಕೀಲಿ ತೆಗೆದರೂ ಫ್ಯಾನ್ ತಿರುಗಬಹುದಾದ್ದರಿಂದ ಅದರ ಕನೆಕ್ಟರ್ ಬಿಡಿಸಿ, ಇನ್‌ಫ್ರಾರೆಡ್ ಥರ್ಮಾಮೀಟರನ್ನು ಜಾಲರಿಯುದ್ದಕ್ಕೂ ಹಿಡಿದೆ. ಒಂದು ಕಡೆ 80 ಡಿಗ್ರಿ ತೋರಿಸಿದರೆ ಪಕ್ಕದ ಸಾಲುಗಳಲ್ಲಿ 45ರ ಆಸುಪಾಸು. ಆ ಕೊಳವೆಗಳಲ್ಲಿ ನೀರು ಹರಿಯುತ್ತಲೇ ಇರಲಿಲ್ಲ. ಬಿಚ್ಚಿ ನೋಡಿದಾಗ ಸ್ನಾನದ ಹಂಡೆಯಲ್ಲಿ ಕಟ್ಟುವಂಥದೇ ಸುಣ್ಣದ ಪದರ. ನಾನೇ ಸುರಿದ ಬೋರ್‌ವೆಲ್ ನೀರಿನ ಫಲ, ಯಾರನ್ನೂ ದೂರುವಂತಿರಲಿಲ್ಲ. ತೊಳೆದು ಸರಿಪಡಿಸುವ ಹಂತ ಮೀರಿದ್ದರಿಂದ ಹೊಸ ರೇಡಿಯೇಟರ್ ಹಾಕಿದೆ.

ಹಳೆಯ ಕೂಲಂಟನ್ನು ಡಬ್ಬಿಗೆ ಹಿಡಿದಿಟ್ಟೆ. ಸಿಹಿಯೆಂದು ನಾಯಿಗಳು ನೆಕ್ಕಿದರೆ ಅದು ವಿಷ. ಅರ್ಧ ಕೂಲಂಟ್, ಅರ್ಧ ಡಿಸ್ಟಿಲ್ಡ್ ನೀರು ಬೆರೆಸಿ, ಕಾರಿನ ಮೂತಿಯನ್ನು ದಿಬ್ಬಕ್ಕೆ ಏರಿಸಿ, ಹೀಟರ್ ಪೂರ್ತಿ ತೆರೆದು, ಗಾಳಿ ಹೊರಹೋಗುವವರೆಗೆ ನಿಧಾನವಾಗಿ ತುಂಬಿಸಿದೆ. ಬಾಟಲಿಯ ಮೇಲೆ ಮಾರ್ಕರ್‌ನಿಂದ ಗೆರೆ ಎಳೆದಿಟ್ಟೆ. ಮೂರು ಸಲ ಚಾರ್ಮಾಡಿ ಏರಿದ ಮೇಲೂ, ಪ್ರತಿ ಬೆಳಿಗ್ಗೆ ತಣ್ಣಗಿರುವಾಗ ನೋಡಿದರೆ ನೀರು ಆ ಗೆರೆಯಲ್ಲೇ ನಿಂತಿದೆ.