ಟೇಪ್ ಲೈಬ್ರರಿಗೆ ಎಲ್‌ವಿಡಿ ಬೋರ್ಡ್ ಹಾಕಿದ ಮೇಲೆ ರೋಬಾಟ್ ಕಾಣದಿದ್ದರೆ

ಹಳೇ ಟೇಪ್ ಲೈಬ್ರರಿಯಲ್ಲಿ (ಬ್ಯಾಕಪ್ ಟೇಪ್‌ಗಳನ್ನು ರೋಬಾಟ್ ಕೈ ತೆಗೆದು ಹಾಕುವ ಪೆಟ್ಟಿಗೆ) ಎಚ್‌ವಿಡಿ, ಅಂದರೆ ಹೆಚ್ಚು ವೋಲ್ಟೇಜಿನ ಸ್ಕಸಿ ಬೋರ್ಡ್, ಹೊಸ ಸರ್ವರ್‌ನಲ್ಲಿ ಎಲ್‌ವಿಡಿ, ಅಂದರೆ ಕಡಿಮೆ ವೋಲ್ಟೇಜಿನ ಕಾರ್ಡ್. ಸ್ಕಸಿ ಅಂದರೆ ಡಿಸ್ಕ್, ಟೇಪ್‌ಗಳನ್ನು ಸರ್ವರ್‌ಗೆ ಸೇರಿಸುವ ಹಳೇ ಪದ್ಧತಿ. ಕನೆಕ್ಟರ್ ಒಂದೇ ಥರ ಕಂಡರೂ ಇವೆರಡನ್ನು ಸೇರಿಸುವ ಹಾಗಿಲ್ಲ, ವೋಲ್ಟೇಜ್ ಬೇರೆ, ಕಾರ್ಡ್ ಸುಟ್ಟೇ ಹೋಗಬಹುದು. ಅದಕ್ಕೇ ಲೈಬ್ರರಿಯ ಬೋರ್ಡನ್ನೂ ಎಲ್‌ವಿಡಿಗೆ ಬದಲಾಯಿಸಿದೆವು.

ಆನ್ ಮಾಡಿದರೆ ರೋಬಾಟ್ ಕೈ ತನ್ನ ಪಾಡಿಗೆ ಸ್ಲಾಟ್ ಎಣಿಸುತ್ತಾ ಓಡಾಡುತ್ತಿದೆ, ಲಿನಕ್ಸ್‌ಗೆ ಮಾತ್ರ ಕಾಣುತ್ತಿಲ್ಲ! ಸ್ಕಸಿ ಐಡಿ (ಸಾಧನದ ನಂಬರ್) ಸರಿ, ಕೇಬಲ್ ಸರಿ. ಕೊನೆಗೆ ಹಿಂಬದಿ ಬಗ್ಗಿ ನೋಡಿದರೆ ಹಳೇ ಎಚ್‌ವಿಡಿ ಟರ್ಮಿನೇಟರ್ (ಸ್ಕಸಿ ಸಾಲಿನ ಕೊನೆಗೆ ಸಿಕ್ಕಿಸುವ ತುಂಡು) ಹಾಗೇ ಕೂತಿತ್ತು. ಎಲ್ಲ ಆಫ್ ಮಾಡಿ ಎಲ್‌ವಿಡಿ ಟರ್ಮಿನೇಟರ್ ಹಾಕಿದೆ. ಟೇಪ್ ಲೈಬ್ರರಿ ನಡೆಸುವ ಲಿನಕ್ಸ್ ಕಮಾಂಡ್ ಎಂಟಿಎಕ್ಸ್‌ನ ಸ್ಟೇಟಸ್‌ನಲ್ಲಿ ಸ್ಲಾಟ್‌ಗಳೆಲ್ಲ ಬಂದವು.

ಇನ್ನೊಂದು, ಅದೇ ಕೇಬಲ್‌ಗೆ ಹಳೇ ಸಿಂಗಲ್ ಎಂಡೆಡ್ ಡ್ರೈವ್ (ಪ್ರತಿ ಸಿಗ್ನಲ್‌ಗೂ ಜೋಡಿ ತಂತಿಯ ಬದಲು ಒಂದೇ ತಂತಿ ಬಳಸುವ ಥರದ್ದು) ಸಿಕ್ಕಿಸಬೇಡಿ. ಅದೊಂದು ಇದ್ದರೆ ಇಡೀ ಬಸ್ (ಎಲ್ಲ ಸಾಧನಗಳೂ ಹಂಚಿಕೊಳ್ಳುವ ಸಾಲು) ನಿಧಾನವಾಗುತ್ತದೆ, ಎಲ್‌ವಿಡಿಯಲ್ಲಿ 12 ಮೀಟರ್ ಕೇಬಲ್ ಎಳೆಯುವ ಅನುಕೂಲವೂ ಹೋಗುತ್ತದೆ.