ಅಮೆರಿಕದಲ್ಲಿ ಮೊದಲು ಕೇಳಿ: ಇದು ಸ್ಟೇಟಾ (ರಾಜ್ಯದ್ದಾ), ಫೆಡರಲ್ಲಾ (ಕೇಂದ್ರದ್ದಾ)?

ಮಂಗಳೂರಿನ ಆರ್‌ಟಿಓದಲ್ಲಿ ಮಾಡಿಸಿದ ಲೈಸೆನ್ಸ್ ಇದ್ದರೆ ಮುಂಬೈಗೆ ಹೋಗಿ ನೆಲೆಸಿದರೂ ಚಿಂತೆಯಿಲ್ಲ. ಅಮೆರಿಕದಲ್ಲಿ ಹಾಗಲ್ಲ. ಸುತ್ತಾಡಲು ಒಂದು ರಾಜ್ಯದ ಲೈಸೆನ್ಸ್ ಸಾಕು. ಆದರೆ ಟೆಕ್ಸಾಸ್ ಬಿಟ್ಟು ಕ್ಯಾಲಿಫೋರ್ನಿಯಾದಲ್ಲಿ ಮನೆ ಮಾಡಿದರೆ ಹೊಸದು ಮಾಡಿಸಬೇಕು. ಸಂಬಳದ ಲೆಕ್ಕವೂ ಬದಲಾಗುತ್ತದೆ: ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಕ್ಯಾಲಿಫೋರ್ನಿಯಾದಲ್ಲಿ ಇದೆ, ಜಾಸ್ತಿಯೇ ಇದೆ.

ಇದರ ಬೇರು ಹಳೆಯದು. ಅಮೆರಿಕದ ರಾಜ್ಯಗಳು ಒಂದಾಗಲು ಮಾಡಿಕೊಂಡ 1781ರ ಮೊದಲ ಒಪ್ಪಂದದಲ್ಲಿ ಕೇಂದ್ರಕ್ಕೆ ತೆರಿಗೆ ಹಾಕುವ ಅಧಿಕಾರವೇ ಇರಲಿಲ್ಲ, ರಾಜ್ಯಗಳ ಮುಂದೆ ಕೈ ಚಾಚಬೇಕಿತ್ತು. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಹೊಸ ಸಂವಿಧಾನ ಬರೆದರು. ಜಗಳ ಶುರುವಾಯಿತು. ಗಟ್ಟಿ ಕೇಂದ್ರ ಬೇಕೆಂದು ಹ್ಯಾಮಿಲ್ಟನ್, ಮ್ಯಾಡಿಸನ್, ಜೇ ಎಂಬ ನಾಯಕರು ಸೇರಿ ಹೊಸ ಸಂವಿಧಾನದ ಪರ 85 ಲೇಖನ ಬರೆದರು. ಅದನ್ನು ವಿರೋಧಿಸಿದ ಪ್ಯಾಟ್ರಿಕ್ ಹೆನ್ರಿಯಂಥವರಿಗೆ ಆ ಗಟ್ಟಿ ಕೇಂದ್ರದಲ್ಲಿ ಮತ್ತೊಬ್ಬ ರಾಜನೇ ಕಂಡ. ಕೊನೆಗೆ ಆ ಭಯ ಕಳೆಯಲು 1791ರಲ್ಲಿ ಸಂವಿಧಾನಕ್ಕೆ ಹತ್ತು ತಿದ್ದುಪಡಿಗಳು ಬಂದವು. ಹತ್ತನೆಯದನ್ನು ನೆನಪಿಡಿ: ಸಂವಿಧಾನ ಕೇಂದ್ರಕ್ಕೆ ಕೊಡದ, ರಾಜ್ಯಗಳಿಗೆ ಬೇಡವೆನ್ನದ ಅಧಿಕಾರವೆಲ್ಲ ರಾಜ್ಯಗಳದ್ದು ಅಥವಾ ಜನರದ್ದು.

ನಮ್ಮಲ್ಲಿ ಉಲ್ಟಾ. ಸಂವಿಧಾನ ಸಭೆಯ ಸಲಹೆಗಾರ ಬಿ.ಎನ್. ರಾವ್ (ಹುಟ್ಟಿದ್ದು ಮಂಗಳೂರಿನಲ್ಲೇ) ಅಮೆರಿಕಕ್ಕೂ ಹೋಗಿ ಅಲ್ಲಿನ ನ್ಯಾಯಾಧೀಶರನ್ನು ಕಂಡು ಬಂದಿದ್ದರು. ಆದರೂ ನಾವು ಇಟ್ಟುಕೊಂಡದ್ದು ಅಧಿಕಾರಗಳ ಮೂರು ಪಟ್ಟಿ (ಕೇಂದ್ರದ್ದು, ರಾಜ್ಯದ್ದು, ಇಬ್ಬರದ್ದೂ), ಅವುಗಳಲ್ಲಿ ಸೇರದ್ದು ಕೇಂದ್ರಕ್ಕೆ. ಗಡಿಯ ವಿಷಯದಲ್ಲೂ ಅಷ್ಟೇ. 1956ರಲ್ಲಿ ಸಂಸತ್ತು ಕಾಯ್ದೆ ಮಾಡಿತು. ಮದ್ರಾಸಿನಲ್ಲಿದ್ದ ದಕ್ಷಿಣ ಕನ್ನಡ ಮೈಸೂರಿಗೆ ಬಂತು, ಕಾಸರಗೋಡು ಕೇರಳಕ್ಕೆ ಹೋಯಿತು. ಆ ಸಿಟ್ಟು ನಮ್ಮ ಕಡೆ ಇನ್ನೂ ಪೂರ್ತಿ ಆರಿಲ್ಲ. ನಮ್ಮಲ್ಲಿ ಗಡಿ ಬದಲಿಸಲು ರಾಜ್ಯಗಳ ಅಭಿಪ್ರಾಯ ಕೇಳಿದರೆ ಸಾಕು, ಒಪ್ಪಿಗೆ ಬೇಕಿಲ್ಲ. ಅಮೆರಿಕದಲ್ಲಿ ಒಂದು ರಾಜ್ಯ ಸೀಳಿ ಇನ್ನೊಂದು ಮಾಡಬೇಕಾದರೆ ಆ ರಾಜ್ಯದ ಶಾಸನಸಭೆ ಒಪ್ಪಲೇಬೇಕು.

ಹಾಗಂತ ಎಲ್ಲವೂ ರಾಜ್ಯದ್ದೇ ಎಂದುಕೊಳ್ಳಬೇಡಿ. ಮಣಿಪಾಲ, ಸುರತ್ಕಲ್‌ಗಳಲ್ಲಿ ಓದು ಮುಗಿಸಿ ಹೊರಟ ಮಕ್ಕಳಿಗೆ ಇದನ್ನು ಬಿಡಿಸಿಯೇ ಹೇಳಬೇಕು. ಕೆಲವು ರಾಜ್ಯಗಳಲ್ಲಿ ಬೋರ್ಡು ಹಾಕಿ ಗಾಂಜಾ ಮಾರುತ್ತಾರೆ. ರಾಜ್ಯದ ಕಾನೂನಿಗೆ ಅದು ಸರಿ, ಫೆಡರಲ್ ಕಾನೂನಿಗೆ ಅಪರಾಧ. ವೀಸಾ, ಗ್ರೀನ್ ಕಾರ್ಡ್ ಎರಡೂ ಫೆಡರಲ್. "ಈ ರಾಜ್ಯದಲ್ಲಿ ಲೀಗಲ್ ಅಲ್ವಾ" ಎಂಬ ಮಾತು ವೀಸಾ ಅಧಿಕಾರಿಯ ಮುಂದೆ ನಡೆಯುವುದಿಲ್ಲ. ಸೇದುವುದಂತೂ ಬೇಡ, ಆ ಅಂಗಡಿಗಳಲ್ಲಿ ಕೆಲಸಕ್ಕೂ ಸೇರಬೇಡಿ.